ತಲೆಯ ಮೇಲೊಂದು ಗುಂಬಜ್

"ಹಿಡೀರಿ, ಹಿಡೀರಿ, ಗುಂಬಜ್ ಉರುಳಲತ್ತದ" ಎಂದು ಮಂಗೇಶ ಹೇಳಿ ಮುಗಿಸುವಷ್ಟರಲ್ಲಿ ಗುಂಬಜ್ ಬೆಂಚಿನಿಂದ ಇಳಿದು, ಐದನೇ ಕ್ಲಾಸಿನ ಬಾಗಿಲು ದಾಟಿ, ವರಾಂಡದಲ್ಲಿ ವಾಕಿಂಗ್ ಹೊರಟಿತ್ತು.

ನಂಬುವವರು ನಂಬಿ, ಬಿಡುವವರು ಬಿಡಿ, ಇದು ಭಾಲ್ಕಿಯ ಒಂದು ಶಾಲೆಯಲ್ಲಿ ನಡೆದದ್ದೇ. ಸಂಶಯ ಇದ್ದವರು ಆ ಗುಂಬಜನ್ನೇ ಕೇಳಬಹುದಿತ್ತು. ಆದರೆ ಅದನ್ನು ಆಮೇಲೆ ಪಲ್ಯ ಮಾಡಿಬಿಟ್ಟರು.

ಹೌದು, ಗುಂಬಜ್ ಎಂದರೆ ಕುಂಬಳಕಾಯಿ. ಮೈತುಂಬ ಗೆರೆ ಇದ್ದ ಗುಂಡನೆಯ ಕುಂಬಳಕಾಯಿಗೆ ಬಿಳಿ ಕಾಗದ ಅಂಟಿಸಿ, ತೊಟ್ಟಿಗೆ ಚಾಕಲೇಟಿನ ಬಂಗಾರ ಬಣ್ಣದ ಹಾಳೆ ಸುತ್ತಿದ್ದರು. ಐಡಿಯಾ ಸಪನಾಳದು. ಅಮ್ಮನ ಜೊತೆ ಬೀದರಿನ ಗುರುದ್ವಾರಕ್ಕೆ ಹೋಗಿ, ಎಲ್ಲರಿಗೂ ಪುಕ್ಕಟೆ ಬಡಿಸುವ ಲಂಗರಿನ ಪಂಕ್ತಿಯಲ್ಲಿ ಹೊಟ್ಟೆತುಂಬ ಉಂಡು ಬಂದ ಮೇಲೆ ಅವಳಿಗೆ ಗುರುದ್ವಾರ ಎಂದರೆ ಪ್ರಾಣ. ಗುರುದ್ವಾರದ ಗುಂಬಜುಗಳ ಫೋಟೋ ಎಷ್ಟು ನೋಡಿದರೂ ಅವಳಿಗೆ ಅಜ್ಜಿ ಶೇವಂತಾಬಾಯಿ ಭಾತಂಬ್ರಾದ ಹೊಲದಿಂದ ತರುವ ಕುಂಬಳಕಾಯಿಯೇ ನೆನಪಾಗುತ್ತಿತ್ತು.

ಸಪನಾ ಓಡಿ ಹೋಗಿ ಗುಂಬಜನ್ನು ತಬ್ಬಿ ಹಿಡಿದಳು. ತಲೆ ಎತ್ತಿದರೆ ಎದುರಿಗೆ ಎರಡು ಬೂಟು. ಬೂಟಿನ ಮೇಲೆ ಪ್ಯಾಂಟು. ಪ್ಯಾಂಟಿನ ಮೇಲೆ, ತುಂಬಾ ಮೇಲೆ, ಹೆಡ್‌ಮಾಸ್ಟರ್ ನಾರಾಯಣ ಸರ್.

"ಉಹ್ಹು, ಉಹ್ಹು" ಎಂದು ಗಂಟಲು ಸರಿಮಾಡಿಕೊಳ್ಳದೆ ಸರ್ ಮಾತು ಶುರು ಮಾಡುತ್ತಿರಲಿಲ್ಲ. ಒಂದೇ ಸಲ ಹೇಳಿ ಬಿಡುತ್ತಲೂ ಇರಲಿಲ್ಲ.

"ಉಹ್ಹು, ಉಹ್ಹು. ಏನ್ ನಡದದ ಇಲ್ಲಿ, ಏನ್ ನಡದದ?"

"ಗುಂಬಜ್ ಬಿತ್ರಿ ಸರ್."

"ಬೀಳ್ಲಿ. ನಿನ್ನಿ ನನ್ನ ಧ್ವನಿ ತಗದು, 'ಇವತ್ತು ಅರ್ಧಾ ದಿನ ಸಾಲಿ' ಅಂತ ಆರನೇ ಕ್ಲಾಸಿನ ಕಿಡಕಿ ಹಿಂದ ನಿಂತು ಒದರಿದ್ಯಾರು? ಪೂರಾ ಕ್ಲಾಸ್ ಬಸ್ ಸ್ಟ್ಯಾಂಡ್ ಮುಟ್ಟಿತ್ತು. ಒದರಿದ್ಯಾರು?"

"ನಾನೇರಿ ಸರ್" ಎಂದು ಸಪನಾ ಕುಂಬಳಕಾಯಿಗೆ ಹೇಳಿದಳು.

"ಇನ್ನೊಂದ್ ಸಲ ನನ್ನ ಧ್ವನಿ ನಿನ್ನ ಬಾಯಾಗಿಂದ ಬಂತಂದ್ರ, ಬೀದರ ಎಕ್ಸಿಬಿಷನ್‌ಗೆ ನಿನ್ನ ಹೆಸರು ಕಟ್. ನಿಮ್ಮ ಮಾಡೆಲ್ ಸೆಲೆಕ್ಟ್ ಆದ್ರೂ ನೀ ಹೋಗಂಗಿಲ್ಲ. ತಿಳೀತಾ, ತಿಳೀತಾ?"

"ತಿಳೀತ್ರಿ" ಎಂದಳು ಸಪನಾ. ಎರಡನೆಯ 'ತಿಳೀತ್ರಿ' ನಾಲಿಗೆಯ ತುದಿಗೇ ಬಂದಿತ್ತು. ಕಷ್ಟಪಟ್ಟು ನುಂಗಿಕೊಂಡಳು.

ಎಕ್ಸಿಬಿಷನ್ನಿನ ವಿಷಯ 'ನಮ್ಮ ಜಿಲ್ಲೆಯ ಕಟ್ಟಡಗಳು'. ಒಂದು ಗುಂಪು ಬೀದರ ಕೋಟೆ ಮಾಡಿತ್ತು, ಇನ್ನೊಂದು ಗುಂಪು ಅಷ್ಟೂರಿನ ಸುಲ್ತಾನರ ಗೋರಿಗಳ ಗುಂಬಜುಗಳನ್ನು. ಮರುದಿನ ಸರ್ ಎಲ್ಲವನ್ನೂ ನೋಡಿ ಒಂದನ್ನು ಮಾತ್ರ ಆರಿಸುವವರಿದ್ದರು.

ಸಪನಾ, ರಾಹೀಲ, ಮಂಗೇಶ ಮೂವರದು ಗುರುದ್ವಾರ. ವಾಷಿಂಗ್ ಮಷಿನ್ ಬಂದಿದ್ದ ದೊಡ್ಡ ರಟ್ಟಿನ ಡಬ್ಬವೇ ಅದರ ಗೋಡೆ. ಅದರ ಮೇಲೆ ರಾಹೀಲ ಕಮಾನು ಬರೆಯುತ್ತಿದ್ದ. ರೊಟ್ಟಿಯ ಅಂಚನ್ನು ಇಲಿ ಕಚ್ಚುತ್ತ ಹೋದಂತೆ ಅಲೆ ಅಲೆ ಇರುವ ಕಮಾನು.

"ಈ ಕಮಾನ್ ನಮ್ದು. ನಮ್ಮ ಮಸೀದಿದಾಗ ಹಿಂಗೇ ಅದ" ಎಂದ ರಾಹೀಲ.

"ಮೂಲಿಗಿ ಇರೋ ಈ ಸಣ್ಣ ಸಣ್ಣ ಛತ್ರಿ ನಮ್ದು" ಎಂದ ಮಂಗೇಶ. ಛತ್ರಿ ಎಂದರೆ ಮಳೆಯದಲ್ಲ, ಕಂಬಗಳ ಮೇಲೆ ಕೂತ ಪುಟ್ಟ ಮಂಟಪ. "ರಜಪೂತ ರಾಜರ ಅರಮನಿ ಮ್ಯಾಗ ಇರ್ತಾವ."

"ನೀ ಯಾವಾಗ ರಜಪೂತ ಆದ್ಯೋ? ನಿಮ್ಮಪ್ಪಂದು ಕಿರಾಣಿ ಅಂಗಡಿ" ಎಂದಳು ಸಪನಾ. "ಗುಂಬಜಿನ ಕೆಳಗಿನ ಕಮಲದ ಎಸಳು ನಮ್ದು. ನಮ್ಮ ವಿಹಾರದಾಗ ಬುದ್ಧ ಅದರ ಮ್ಯಾಗೇ ಕೂತಾನ."

ಬಣ್ಣ ಕೊಡಲು ಬಂದಿದ್ದ ಕುಮುದಿನಿ ಟೀಚರ್ ಕೇಳುತ್ತ ನಿಂತಿದ್ದರು. "ಎಲ್ಲಾ ನೀವೇ ಹಂಚ್ಕೊಂಡ್ರ ಗುರುದ್ವಾರದ್ದು ಅಂತ ಏನು ಉಳೀತು?"

ಮೂವರೂ ಯೋಚಿಸಿದರು.

"ಕುಂಬಳಕಾಯಿ" ಎಂದ ರಾಹೀಲ.

ಟೀಚರ್ ನಕ್ಕರು. "ಮೊಘಲರ ಕಮಾನು ಖರೇ, ರಜಪೂತರ ಛತ್ರಿನೂ ಖರೇ, ಕಮಲ ಅಂತೂ ಎಲ್ಲಾರ್ದು. ಗುರುದ್ವಾರ ಕಟ್ಟಿದವರು ಚಲೋ ಕಂಡದ್ದನ್ನೆಲ್ಲ ಕರದು ಕೂಡಿಸ್ಕೊಂಡಾರ. ಆದ್ರ ನೀವು ಒಂದು ಮರತೀರಿ. ನಿಮ್ಮ ಗುರುದ್ವಾರಕ್ಕ ಬಾಗಿಲ ಒಂದೇ ಅದ. ಭಾಳ ಗುರುದ್ವಾರಗಳಿಗೆ ನಾಲ್ಕೂ ದಿಕ್ಕಿಗಿ ಬಾಗಿಲ ಇರ್ತಾವ. ಯಾರು ಯಾವ ಕಡಿಂದ ಬಂದ್ರೂ ಸುತ್ತು ಹಾಕಿ ಬರಬಾರದು, ಎದುರಿಗೇ ಬಾಗಿಲ ಸಿಗಬೇಕು."

ಕತ್ತರಿ ಆಡಿತು. ನಾಲ್ಕೂ ಕಡೆ ದೊಡ್ಡ ದೊಡ್ಡ ಬಾಗಿಲಾದವು. ಮಂಗೇಶ ಮನೆಯಿಂದ ತಂದ ಬ್ಲೌಸ್ ಪೀಸುಗಳು ಪರದೆಗಳಾದವು.

ಆದರೆ ಬಾಗಿಲು ಬೆಳೆದಷ್ಟೂ ಗೋಡೆ ಸಣ್ಣಗಾಗುತ್ತದೆ ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಹಾಲ್‌ನಲ್ಲಿ ಕುಂಬಳಕಾಯಿಯನ್ನು ಮೇಲಿಟ್ಟರು. ಚಾವಣಿ "ಕರ್ರ್" ಎಂದಿತು. ನೋಡನೋಡುತ್ತಿದ್ದಂತೆ ಗುಂಬಜ್ ಮೆಲ್ಲಗೆ ತಗ್ಗತೊಡಗಿತು. ಆ ಕಡೆ ಸರ್ ಕೋಟೆಯನ್ನು ನೋಡಿ ಮುಗಿಸಿ ಅಷ್ಟೂರಿಗೆ ಬಂದಿದ್ದರು.

"ಒಳಗಿಂದ ಯಾರರೆ ಹಿಡೀಬೇಕು" ಎಂದ ಮಂಗೇಶ.

ಸಪನಾ ಚಪ್ಪಲಿ ಬಿಟ್ಟಳು. "ತಡಿ, ಗುರುದ್ವಾರದ ಒಳಗ ಹೊಂಟೀದಿ, ತಲಿ ಮುಚ್ಕೊ" ಎಂದು ರಾಹೀಲ ತನ್ನ ಹಸಿರು ಕರ್ಚೀಫ್ ಕೊಟ್ಟ. ಅವಳು ಮೊಣಕಾಲೂರಿ ಕುಳಿತಳು. ಬುಟ್ಟಿಯ ಕೆಳಗೆ ಕೋಳಿ ಮುಚ್ಚಿದಂತೆ ಇಬ್ಬರೂ ಅವಳ ಮೇಲೆ ಗುರುದ್ವಾರ ಮುಚ್ಚಿದರು. ತಗ್ಗಿದ್ದ ಗುಂಬಜ್ ಅವಳ ತಲೆಯ ಆಸರೆಯಲ್ಲಿ ಮತ್ತೆ ಮೇಲೆದ್ದು ನೆಟ್ಟಗಾಯಿತು.

ಬೂಟಿನ ಸದ್ದು ಹತ್ತಿರ ಬಂತು.

"ಉಹ್ಹು, ಉಹ್ಹು. ಭಾಳ ಚಲೋ ಮಾಡೀರಿ, ಭಾಳ ಚಲೋ. ಸಪನಾ ಎಲ್ಲಿ?"

"ನೀರು ಕುಡೀಲಾಕ ಹೋಗ್ಯಾಳ್ರಿ" ಎಂದ ಮಂಗೇಶ.

"ಹ್ಞೂಂ. ಆದ್ರ ಗಟ್ಟಿ ಅದನೋ ಇಲ್ಲೋ ನೋಡ್ತೀನಿ" ಎಂದು ಸರ್ ಗುಂಬಜನ್ನು ಒತ್ತಲು ಕೈ ಎತ್ತಿದರು.

ಪರದೆಯ ಸಂದಿಯಿಂದ ಸಪನಾ ಆ ಕೈಯನ್ನು ನೋಡಿದಳು. ಒತ್ತಿದರೆ ಚಾವಣಿ ಹರಿಯುತ್ತದೆ. ಅವಳು ಏನೂ ಯೋಚಿಸಲಿಲ್ಲ. ಬಾಯಿ ತಾನಾಗಿಯೇ ತೆರೆಯಿತು.

"ಉಹ್ಹು, ಉಹ್ಹು. ಕೈ ಹಚ್ಚಬ್ಯಾಡ, ಕೈ ಹಚ್ಚಬ್ಯಾಡ."

ಸರ್ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನೆಟ್ಟಗೆ ನಿಂತರು. "ಇಲ್ರಿ ಸರ್" ಎಂದರು.

ಸರ್ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಬಗ್ಗಿ, "ಒಳಗ ಯಾರದು?" ಎಂದರು.

ಸಪನಾಳ ಬಾಯಿಗೆ ಸರ್ ಧ್ವನಿ ಇನ್ನೂ ಅಂಟಿಕೊಂಡೇ ಇತ್ತು. "ಯಾರಿಲ್ಲ, ಯಾರಿಲ್ಲ" ಎಂದಿತು ಅದು, ಥೇಟ್ ನಾರಾಯಣ ಸರ್ ಹಾಗೆ.

ಬೂಟುಗಳು ಸುತ್ತು ಹಾಕತೊಡಗಿದವು. ಅವಳು ಕೂತಲ್ಲೇ ಈ ಬಾಗಿಲಿಗೆ ಬೆನ್ನು ಮಾಡಿದರೆ ಬೂಟು ಆ ಬಾಗಿಲಲ್ಲಿ. ಆ ಕಡೆ ತಿರುಗಿದರೆ ಇನ್ನೊಂದರಲ್ಲಿ. ನಾಲ್ಕು ಬಾಗಿಲಿನ ಮನೆಯಲ್ಲಿ ಅಡಗಲು ಒಂದು ಮೂಲೆಯೂ ಇರುವುದಿಲ್ಲ ಎಂಬುದು ಅವಳಿಗೆ ಆಗಲೇ ತಿಳಿದದ್ದು.

ಪರದೆ ಸರಿಯಿತು. ಸರ್ ಮುಖ ಒಳಗೆ ಬಂತು.

"ಇಲ್ಲ್ಯಾಕ ಕೂತೀದಿ?"

"ಗುಂಬಜ್ ಹಿಡದೀನ್ರಿ ಸರ್." ಈಗ ಬಂದದ್ದು ಅವಳದೇ ಧ್ವನಿ, ತೀರ ಸಣ್ಣದು. "ನಾಲ್ಕು ಬಾಗಿಲ ಮಾಡಿದ್ವಿ, ಗ್ವಾಡಿ ಉಳೀಲಿಲ್ಲ. ನಾ ಹೊರಗ ಬಂದ್ರ ಎಲ್ಲಾ ಬೀಳ್ತದ. ನನ್ನ ಹೆಸರು ಕಟ್ ಮಾಡ್ರಿ. ಮಾಡೆಲ್ ಕಟ್ ಮಾಡಬ್ಯಾಡ್ರಿ."

ಸರ್ ಅವಳನ್ನು ನೋಡಿದರು. ಹಸಿರು ಕರ್ಚೀಫನ್ನು, ಅದರ ಮೇಲೆ ಜೋತುಬಿದ್ದ ರಟ್ಟನ್ನು, ಬೆವರಿಳಿಯುತ್ತಿದ್ದ ಮೂಗನ್ನು ನೋಡಿದರು.

"ನಾ ಏನಂದೆ ಈಗ?" ಎಂದರು ತಮ್ಮಷ್ಟಕ್ಕೆ. "ಇಲ್ರಿ ಸರ್ ಅಂದ್ನಾ? ನನಗ ನಾನೇ ಅಂಜಿ, ಇಲ್ರಿ ಸರ್ ಅಂದ್ನಾ?"

ಅವರ ಹೊಟ್ಟೆ ಅಲುಗಿತು, ಭುಜ ಅಲುಗಿತು. ಸೈಕಲ್ ಪಂಪಿನಂತೆ "ಹಿಸ್ಸ್, ಹಿಸ್ಸ್" ಎಂದು ಶುರುವಾದ ನಗು ದಡದಡ ಇಳಿಜಾರು ಇಳಿದು ಹಾಲ್ ತುಂಬಿತು. ಸರ್ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಮಕ್ಕಳೆಲ್ಲ ನಕ್ಕರು, ಟೀಚರ್ ನಕ್ಕರು. ಸರ್ ನಗುವಿನ ಮುಂದೆ ಅದ್ಯಾವುದೂ ಕೇಳಿಸಲೇ ಇಲ್ಲ.

"ಥರ್ಮೋಕೋಲ್" ಎಂದರು ಅವರು ಕಣ್ಣೊರೆಸಿಕೊಳ್ಳುತ್ತ. "ಗುಂಬಜ್ ಥರ್ಮೋಕೋಲಿಂದು ಮಾಡ್ರೋ. ಬೀದರಕ್ಕ ಈ ಹುಡುಗಿ ತಲಿ ಖಾಲಿ ಬರಬೇಕು, ಪೂರಾ ಖಾಲಿ." ತಮ್ಮ ಮಾತಿಗೆ ತಾವೇ ಮತ್ತೆ ನಗತೊಡಗಿದರು.

ಎದುರು ಬಾಗಿಲಿನ ಪರದೆಯಿಂದ ರಾಹೀಲ ತಲೆ ತೂರಿಸಿದ. "ಏ ಸಪನಾ, ಸರ್ ನಗೂದು ಮಾಡಿ ತೋರ್ಸು. ಒಂದೇ ಸಲ."

ಸಪನಾ ಬಾಯಿ ತೆರೆದಳು. ಏನೂ ಬರಲಿಲ್ಲ. ಸರ್ ಕೆಮ್ಮು ಇತ್ತು ಅವಳ ಹತ್ತಿರ, ಹಾಜರಿ ಕರೆಯುವುದಿತ್ತು, ಬೈಗುಳವಂತೂ ಬೇಕಾದಷ್ಟಿತ್ತು. ನಗು ಇರಲಿಲ್ಲ. ಒಂದನೇ ಕ್ಲಾಸಿನಿಂದ ಈ ಶಾಲೆಯಲ್ಲಿದ್ದರೂ ಅದನ್ನು ಅವಳು ಎಂದೂ ಕೇಳಿರಲೇ ಇಲ್ಲ.

"ಮಾಡು, ಮಾಡು" ಎಂದ ರಾಹೀಲ.

"ಸುಮ್ಮ ಕೂಡೋ" ಎಂದಳು ಸಪನಾ, ಗುಂಬಜ್ ಜಾರದಂತೆ ಕತ್ತನ್ನು ಮೆಲ್ಲಗೆ ಆ ಕಡೆ ಹೊರಳಿಸಿ. "ಕೇಳಲತ್ತೀನಿ."