ಬೆರಳಿಗೊಂದು ಕುಣಿಕೆ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಪುಣೆಯ ಭವಾನಿ ಪೇಠೆಯಲ್ಲಿ ನಿಜಲಿಂಗಪ್ಪ ಎಂಬ ನೇಕಾರನ ಮಗ್ಗವನ್ನು ಕಿತ್ತು, ಬೀದಿಗೆ ಎಳೆದು ತಂದು ಸುಟ್ಟರು. ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ ಇತ್ತು.

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ನನ್ನ ಪಕ್ಕೆಗೆ ಒಂದು ಚಾಕು ಒತ್ತಿಕೊಂಡಿತ್ತು.

ಹಿಡಿದವನು ಪೇಠ ಸಂರಕ್ಷಣ ಸಮಿತಿಯ ವಾಲಂಟಿಯರ್. ತೋಳಿಗೆ ಹಳದಿ ಪಟ್ಟಿ, ಬಾಯಲ್ಲಿ ಎಲೆಯಡಿಕೆ. ನೀನು ಎಲ್ಲಿಯವನು ಎಂದು ಮರಾಠಿಯಲ್ಲಿ ಕೇಳಿದ.

ಗುಳೇದಗುಡ್ಡ ಎಂದೆ.

ಅದು ಯಾರ ರಾಜ್ಯ ಎಂದ.

ಬಿಜಾಪುರ ಜಿಲ್ಲೆ, ಮುಂಬಯಿ ಪ್ರಾಂತ, ನಿಜಾಮನದಲ್ಲ ಎಂದೆ.

ಅವನು ಯೋಚಿಸಿದ. ಅಭ್ಯಾಸವಿರಲಿಲ್ಲ, ಹೊತ್ತು ಹಿಡಿಯಿತು. ಕೊನೆಗೆ ಚಾಕು ಒಳಗೆ ಹೋಯಿತು... ಅದರ ಒರೆಯೊಳಗೆ.

ನನ್ನ ಹೆಸರು ಮುರುಗೆಪ್ಪ. ಹನ್ನೊಂದು ವರ್ಷ ಪೊಲೀಸ್ ಖಾತೆಯಲ್ಲಿದ್ದೆ. ಒಬ್ಬ ಸಾಹೇಬರ ಹಲ್ಲು ಉದುರಿಸಿದ್ದಕ್ಕೆ ಡಿಸ್ಮಿಸ್ ಆದೆ. ಒಂದೇ ಹಲ್ಲು. ಆಮೇಲೆ ಪುಣೆಯ ಕನ್ನಡ ವ್ಯಾಪಾರಿಗಳಿಗೆ ಕೆಲಸ ಮಾಡಿಕೊಡುತ್ತಿದ್ದೆ. ಓಡಿಹೋದ ಗುಮಾಸ್ತನನ್ನು ಹುಡುಕುವುದು, ಹೆದರಿಸುವವರನ್ನು ಹೆದರಿಸುವುದು, ಇಂಥವು.

ಅದು ನಲವತ್ತೇಳರ ಅಕ್ಟೋಬರ್. ಸ್ವಾತಂತ್ರ್ಯ ಬಂದು ಎರಡು ತಿಂಗಳು. ನಿಜಾಮನ ರಾಜ್ಯದಲ್ಲಿ ರಜಾಕಾರರ ಹಾವಳಿ. ಅದಕ್ಕೆ ಹೆದರಿ ಕಲಬುರ್ಗಿ ಕಡೆಯ ಮೂವತ್ತು ಮನೆ ನೇಕಾರರು ಓಡಿ ಬಂದು, ಪೇಠೆಯ ಒಂದು ಹಳೆಯ ವಾಡೆಯಲ್ಲಿ ಮಗ್ಗ ಹೂಡಿದ್ದರು. ರಜಾಕಾರರಿಗೆ ಹೆದರಿ ಬಂದವರನ್ನೇ ರಜಾಕಾರರ ಗೂಢಚಾರರು ಎಂದು ಊರಿಗೆ ನಂಬಿಸಲು ಒಬ್ಬ ಒಳ್ಳೆಯ ಭಾಷಣಕಾರ ಬೇಕು. ಪೇಠೆಯಲ್ಲಿ ಅಂಥವರು ಒಬ್ಬರಿದ್ದರು. ವಕೀಲ ಬಿಂದುಮಾಧವರು, ಸಮಿತಿಯ ಅಧ್ಯಕ್ಷರು.

ಹೊರಗಿನವರು ನಮ್ಮ ರೇಷನ್ ತಿಂದರು, ನಮ್ಮ ನಳದ ನೀರು ಕುಡಿದರು, ಹತ್ತು ಜನರಲ್ಲಿ ಒಬ್ಬ ಬಾಂಬಿನವನು ಎಂದು ವಕೀಲರು ಹೇಳುತ್ತಿದ್ದರು. ಎಣಿಸಿದ್ದು ಯಾರೆಂದು ಯಾರೂ ಕೇಳಲಿಲ್ಲ. ಅವರ ಅಜ್ಜ ಬಿಜಾಪುರದಿಂದ ಎತ್ತಿನ ಬಂಡಿಯಲ್ಲಿ ಬಂದವರು. ಮನೆಯೊಳಗೆ ಇನ್ನೂ ಕನ್ನಡ, ವೇದಿಕೆಯ ಮೇಲೆ ಶುದ್ಧ ಮರಾಠಿ. ಅವರು ಸುಳ್ಳುಗಾರರು ಎಂದು ತಿಳಿಯಬೇಡಿ. ಅವರಿಗೆ ನಿಜವಾಗಿಯೂ ಭಯವಿತ್ತು. ಮನೆಯ ಬಾಗಿಲಿಗೆ ಮೂರು ಚಿಲಕ ಹಾಕಿಸಿದ್ದರು.

ಅದೇ ಕಷ್ಟ. ಸುಳ್ಳುಗಾರನನ್ನಾದರೆ ಕೊಂಡುಕೊಳ್ಳಬಹುದು...

ಮಂಗಳವಾರ ಸಂಜೆ ಸಮಿತಿಯ ಆಫೀಸಿನ ಮೆಟ್ಟಿಲ ಮೇಲೆ ಒಂದು ಪಾರ್ಸೆಲ್ ಸಿಕ್ಕಿತ್ತು. ಒಳಗೆ ಪಟಾಕಿಯ ಮದ್ದು, ಮೊಳೆ, ಒಂದು ಬತ್ತಿ. ಸಿಡಿದಿರಲಿಲ್ಲ. ಸುತ್ತಿದ್ದ ಬಟ್ಟೆ ನಿಜಲಿಂಗಪ್ಪ ನೆಯ್ದ ಸೀರೆಯ ತುಂಡು. ಅಷ್ಟು ಸಾಕಾಯಿತು. ಅವನನ್ನು ಆಗಲೇ ಪೊಲೀಸ್ ಚೌಕಿಗೆ ಒಯ್ದರು. ಬೆಳಗಾದ ಮೇಲೆ ಮಗ್ಗದ ವಿಚಾರಣೆಯೂ ಮುಗಿಯಿತು.

ಜನ ಕರಗಿದ ಮೇಲೆ ನಿಜಲಿಂಗಪ್ಪನ ಹೆಂಡತಿ ಶಿವಗಂಗವ್ವ ಬೂದಿ ಕೆದಕುತ್ತ ಕೂತಿದ್ದಳು. ಒಂದು ಲಾಳಿ ಉಳಿದಿತ್ತು. ಅದನ್ನು ಸೆರಗಿನಲ್ಲಿ ಒರೆಸಿದಳು. ನಾನು ಹಿಂದೆ ಪೊಲೀಸನಾಗಿದ್ದವನು ಎಂದು ಅವಳಿಗೆ ಗೊತ್ತಿತ್ತು. ಶುಕ್ರವಾರ ಗಂಡನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರಂತೆ, ಅಂದೇ ಮೂವತ್ತೂ ಮನೆಯವರನ್ನು ಲಾರಿಗೆ ತುಂಬಿ ನಿಜಾಮನ ಗಡಿಯಾಚೆ ಬಿಟ್ಟು ಬರುತ್ತಾರಂತೆ.

"ಆ ಕಡೆ ಹೋದ್ರ ಅವರು ಕೊಲ್ಲತಾರ. ಈ ಕಡೆ ಇವರು. ನಾವು ಎಲ್ಲಿ ಕುಂಡ್ರೂಣ್ರಿ, ಅಣ್ಣಾರ?"

ನನ್ನ ಬಳಿ ಒಂದು ಪ್ರಶ್ನೆ ಇತ್ತು. ಆ ಸೀರೆ ಯಾರಿಗೆ ಮಾರಿದಿರಿ?

ಆ ಅಂಚಿನ ಸೀರೆಗಳು ಗೌರಿ ಹಬ್ಬಕ್ಕೆ ಪೇಠೆಯ ಇಪ್ಪತ್ತು ಮನೆಗೆ ಹೋಗಿದ್ದವು. ಸಮಿತಿಯವರ ಮನೆಗೂ.

ಚೌಕಿಯಲ್ಲಿ ಫೌಜದಾರ ಪ್ರಲ್ಹಾದ ನನಗೆ ಚಹಾ ತರಿಸಿದ. ಹಳೆಯ ಸಹೋದ್ಯೋಗಿ. ಅವನು ಚಹಾ ತರಿಸಿದರೆ ಏನೋ ಕೆಲಸ ಇರುತ್ತದೆ. ಇತ್ತು. ಮರಾಠಿಯಲ್ಲಿ ಬರೆದ ಒಂದು ಜಬಾನಿ, ಸಾಕ್ಷಿಯ ಹೇಳಿಕೆ, ಮುಂದಿಟ್ಟ. "ನಾನು ನೇಕಾರರ ಮಗ. ಈ ಪಾರ್ಸೆಲ್ಲಿನ ಗಂಟು ನೇಕಾರನ ಕೈಯದು ಎಂದು ಗುರುತಿಸುತ್ತೇನೆ." ಕೆಳಗೆ ನನ್ನ ಹೆಸರು. ಸಹಿಗೆ ಮಾತ್ರ ಜಾಗ ಖಾಲಿ.

ಶುಕ್ರವಾರ ಹತ್ತಕ್ಕೆ ಬಂದು ಸಹಿ ಹಾಕಬೇಕು. ಹಾಕಿದರೆ ಪುಣೆಯಲ್ಲಿರುವ ಗುಳೇದಗುಡ್ಡದವರ ಮನೆಗಳು ಸಮಿತಿಯ ಗಡಿಪಾರಿನ ಪಟ್ಟಿಗೆ ಬರುವುದಿಲ್ಲ. ಹಾಕದಿದ್ದರೆ ಪಟ್ಟಿಯ ಮೊದಲ ಹೆಸರು ನನ್ನದು. ಇದು ತನ್ನ ಮಾತಲ್ಲ, ವಕೀಲರದು ಎಂದ.

ಗಂಟು ನೋಡದೆ ಹೇಗೆ ಗುರುತಿಸಲಿ ಎಂದೆ. ಪಾರ್ಸೆಲ್ ತೋರಿಸಿದ. ದಾರ ಬಿಚ್ಚದೆ ಒಂದು ಮೂಲೆಯಲ್ಲಿ ಬಟ್ಟೆ ಕೊಯ್ದು ಮದ್ದು ತೆಗೆದಿದ್ದರು.

ನಾಲ್ಕು ಸುತ್ತು ದಾರ. ನಡುವೆ ಎರಡು ತಿರುವು. ತುದಿ ಜಗ್ಗಿ ಹರಿದದ್ದು, ಕುಚ್ಚಿನ ಹಾಗೆ ಕೆದರಿತ್ತು. ಮತ್ತು ಮೇಲೆ ಒಂದು ಕುಣಿಕೆ. ಬೆರಳಿಗೆ ಸಿಕ್ಕಿಸಿಕೊಳ್ಳಲು.

ಬಾಂಬಿಗೆ ಕುಣಿಕೆ! ಗಿರಾಕಿ ಆರಾಮವಾಗಿ ನೇತಾಡಿಸಿಕೊಂಡು ಹೋಗಲಿ ಎಂದು.

ನೇಕಾರ ಹೀಗೆ ಕಟ್ಟುವುದಿಲ್ಲ. ನಾನು ದಾರ ಜಗ್ಗಿ ಹರಿದರೆ ನನ್ನವ್ವ ಪಾರವ್ವ ಲಾಳಿಯಿಂದ ಬೆರಳಿಗೆ ಬಡಿಯುತ್ತಿದ್ದಳು. ಎಳೆ ಹರಿಯುವುದು ನಮ್ಮ ಮನೆಯಲ್ಲಿ ಅನ್ನ ಚೆಲ್ಲಿದಂತೆ. ನೇಕಾರನ ಗಂಟು ಅಗಸೆಕಾಳಿನಷ್ಟು. ತುದಿಯನ್ನು ಹಲ್ಲಿನಿಂದ ಕಚ್ಚಿರುತ್ತಾನೆ. ಒಂದು ಗೇಣು ದಾರ ಹಾಳುಮಾಡು ಎಂದರೆ ಅವನ ಕೈಗೆ ಆಗುವುದಿಲ್ಲ, ನಿದ್ದೆಯಲ್ಲಿ ಕಟ್ಟಿದರೂ.

ಇದು ಅಂಗಡಿಯ ಕೈ.

ಗುರುವಾರ ಪೇಠೆಯ ಕಿರಾಣಿ ಅಂಗಡಿಗಳನ್ನು ಸುತ್ತಿದೆ. ಪ್ರತಿ ಅಂಗಡಿಯಲ್ಲೂ ಒಂದು ಪೊಟ್ಟಣ ಜೀರಿಗೆ. ಮಧ್ಯಾಹ್ನದ ಹೊತ್ತಿಗೆ ನನ್ನ ಚೀಲದಲ್ಲಿ ಹನ್ನೊಂದು ಪೊಟ್ಟಣ ಜೀರಿಗೆ, ಹನ್ನೊಂದು ಬಗೆಯ ಕಟ್ಟು. ಯಾವುದೂ ಅದಲ್ಲ.

ಹನ್ನೆರಡನೆಯದು ಕುಶಲಶೇಠನ ಅಂಗಡಿ. ಸಮಿತಿಯ ಖಜಾಂಚಿ. ನೇಕಾರರಿದ್ದ ವಾಡೆಯ ಮಾಲೀಕನೂ ಅವನೇ. ಅವರು ಹೋದರೆ ಅಲ್ಲಿ ಅವನ ಬೆಲ್ಲದ ಗೋದಾಮು ಆಗುವುದಿತ್ತು.

ಚಾವಣಿಯಿಂದ ಇಳಿಬಿದ್ದ ದಾರ ಎಳೆದ. ನಾಲ್ಕು ಸುತ್ತು. ಎರಡು ತಿರುವು. ಕುಣಿಕೆ. ಕಿರುಬೆರಳಿಗೆ ಸುತ್ತಿ ಒಂದು ಜಗ್ಗು... ಛಟ್.

ಚೆಂದದ ಕಟ್ಟು ಶೇಠ್, ಯಾರಿಂದ ಕಲಿತಿರಿ ಎಂದೆ.

ಅಪ್ಪನಿಂದ ಎಂದ. ಈ ಕುಣಿಕೆ ಇಡೀ ಪುಣೆಯಲ್ಲಿ ಬೇರೆ ಯಾರಿಗೂ ಬರುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದ. ಹೇಳಿದ ಮೇಲೆ ನನ್ನ ಮುಖ ನೋಡಿದ. ಆಮೇಲೆ ನನ್ನ ಚೀಲ ನೋಡಿದ. ಹನ್ನೊಂದು ಪೊಟ್ಟಣ.

ಮನುಷ್ಯ ಇಷ್ಟು ಜೀರಿಗೆ ತಿನ್ನುವುದಿಲ್ಲ.

ಅವನು ಚಪ್ಪಾಳೆ ತಟ್ಟಿದ. ಒಳಗಿನಿಂದ ಮೂರು ಹಳದಿ ಪಟ್ಟಿಗಳು ಬಂದವು. ಒಬ್ಬ ಬಾಗಿಲ ಹಲಗೆ ಜೋಡಿಸತೊಡಗಿದ. ಕೊನೆಯ ಹಲಗೆ ಕೂರುವ ಮೊದಲು ನನ್ನ ಭುಜ ಅದಕ್ಕೆ ಬಡಿಯಿತು. ಹಲಗೆಯೂ ನಾನೂ ಬೀದಿಗೆ ಬಿದ್ದೆವು. ಬೆನ್ನಿಗೆ ಒಂದು ಲಾಠಿ. ಎದ್ದೆ. ಇನ್ನೊಂದು. ಮುಂದೆ ಬಂದವನ ಮುಖಕ್ಕೆ ಚೀಲ ಬೀಸಿದೆ. ಪೊಟ್ಟಣಗಳೊಡೆದು ಅವನ ಕಣ್ಣು ತುಂಬ ಜೀರಿಗೆ! ಸಂದಿ ಹೊಕ್ಕೆ, ಒಂದು ಗೋಡೆ ಹಾರಿದೆ, ಇನ್ನೊಬ್ಬರ ಮನೆಯ ಅಡುಗೆಮನೆ ದಾಟಿದೆ. ಅಲ್ಲಿ ಭಾಕರಿ ತಟ್ಟುತ್ತಿದ್ದ ಮುದುಕಿ ತಲೆಯೆತ್ತಲಿಲ್ಲ. ಎದುರು ಬೀದಿಯಲ್ಲಿ ಹೊರಟಿದ್ದ ಟಾಂಗಾಕ್ಕೆ ಹಾರಿದೆ.

ಹನ್ನೆರಡನೆಯ ಪೊಟ್ಟಣ ಕೋಟಿನ ಒಳಜೇಬಿನಲ್ಲಿತ್ತು.

ಶುಕ್ರವಾರ ಹತ್ತು ಗಂಟೆ. ಚೌಕಿಯಲ್ಲಿ ಫೌಜದಾರ, ಬಿಂದುಮಾಧವರು, ಅವರ ಪಕ್ಕದಲ್ಲಿ ಕುಶಲಶೇಠ್. ಮೂಲೆಯಲ್ಲಿ ಬೇಡಿ ಹಾಕಿಸಿಕೊಂಡು ನಿಂತ ನಿಜಲಿಂಗಪ್ಪ. ಹೊರಗೆ ಎರಡು ಲಾರಿ ಗುರುಗುಡುತ್ತಿದ್ದವು. ಒಂದರಲ್ಲಿ ಶಿವಗಂಗವ್ವ ಆಗಲೇ ಕೂತಿದ್ದಳು, ಲಾಳಿ ಮಡಿಲಲ್ಲಿಟ್ಟುಕೊಂಡು.

ಪೊಟ್ಟಣವನ್ನು ಪಾರ್ಸೆಲ್ಲಿನ ಪಕ್ಕದಲ್ಲಿಟ್ಟೆ. ಫೌಜದಾರ ಒಮ್ಮೆ ಇದನ್ನು ನೋಡಿದ, ಒಮ್ಮೆ ಅದನ್ನು. ಆಮೇಲೆ ಚಾವಣಿ ನೋಡತೊಡಗಿದ. ಪೇಠೆಯ ಎಲ್ಲ ಅಂಗಡಿಯವರೂ ಹೀಗೇ ಕಟ್ಟುತ್ತಾರೆ ಎಂದ ಕುಶಲಶೇಠ್. ಇಂದು ಅವನಿಗೆ ನಿನ್ನೆಯ ಹೆಮ್ಮೆ ಇರಲಿಲ್ಲ.

ವಕೀಲರು ನನ್ನ ಹೆಗಲ ಮೇಲೆ ಕೈಯಿಟ್ಟು ಕನ್ನಡಕ್ಕೆ ಇಳಿದರು. "ಮುರುಗೆಪ್ಪಾ, ನೀವು ನಮ್ಮವರ್ರಿ. ಆ ಕಡಿ ಮಂದಿ ಸಲುವಾಗಿ ಯಾಕ ತಲಿ ಕೊಡತೀರಿ? ಸಹಿ ಮಾಡ್ರಿ."

"ಮಾಡತೀನ್ರಿ. ಅದಕ್ಕೂ ಮೊದಲ ಇಂಥಾವು ಎರಡು ಪುಡಿಕಿ ಕಟ್ಟಿಸ್ರಿ. ಒಂದು ನಿಜಲಿಂಗಪ್ಪನ ಕೈಲೆ, ಒಂದು ಶೇಠರ ಕೈಲೆ."

ವಕೀಲರು ನಕ್ಕರು. ಅವರ ನಗುವಿನಲ್ಲಿ ಕಪಟವಿರಲಿಲ್ಲ. ಶೇಠನ ಕೈವಾಡ ಅವರಿಗೆ ಗೊತ್ತೇ ಇರಲಿಲ್ಲ ಎಂದು ನನಗೆ ಖಾತ್ರಿಯಾದದ್ದು ಆಗ.

ನಿಜಲಿಂಗಪ್ಪನ ಮುಂದೆ ಕಾಗದ, ದಾರ ಇಟ್ಟರು. ಬೇಡಿಯ ಕೈಯಲ್ಲೇ ಒಂದು ಸುತ್ತು ಸುತ್ತಿದ. ಕಣ್ಣಿಗೆ ಕಾಣದಷ್ಟು ಗಂಟು. ಬಗ್ಗಿ ತುದಿ ಕಚ್ಚಿದ. ಉಳಿದ ದಾರವನ್ನು ನೀಟಾಗಿ ಬೆರಳಿಗೆ ಸುತ್ತಿ ಫೌಜದಾರನಿಗೆ ಹಿಂದಕ್ಕೆ ಕೊಟ್ಟ.

"ಭಾಳ ಕೊಟ್ಟಿದ್ರಿ, ಸಾಹೇಬ್ರ," ಎಂದ.

ಫೌಜದಾರ ದಾರದ ಉಂಡೆಯನ್ನು ಕುಶಲಶೇಠನ ಮುಂದಕ್ಕೆ ಉರುಳಿಸಿದ.

ಕಟ್ಟಿ ತೋರಿಸಿ ಶೇಠ್, ಈ ತಮಾಷೆ ಮುಗಿಯಲಿ ಎಂದರು ವಕೀಲರು, ಮರಾಠಿಯಲ್ಲಿ.

ಶೇಠ್ ದಾರ ನೋಡಿದ. ಕೈ ನೋಯುತ್ತಿದೆ ಎಂದ. ಯಾವ ಕೈ ಎಂದು ಫೌಜದಾರ ಕೇಳಿದ. ಶೇಠ್ ಒಮ್ಮೆ ಎಡಗೈ ನೋಡಿಕೊಂಡ, ಒಮ್ಮೆ ಬಲಗೈ.

ವಕೀಲರು ಎರಡನೇ ಸಲ ಹೇಳಿದರು. ಈ ಸಲ ನಗು ಇರಲಿಲ್ಲ.

ಮೂರನೇ ಸಲ ಹೇಳಿದರು. ವೇದಿಕೆಯ ಮೇಲಿನ ದನಿಯಲ್ಲಿ.

ದಿನಕ್ಕೆ ಇನ್ನೂರು ಪೊಟ್ಟಣ ಕಟ್ಟಿ, ಬೇರೆ ಕಟ್ಟು ಕೈಗೇ ಬಾರದ ಮನುಷ್ಯ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿದ.

"ನಾನು ಕಟ್ಟುವುದಿಲ್ಲ, ವಕೀಲಸಾಹೇಬ."

ಸಮಿತಿ ಹುಟ್ಟಿದಂದಿನಿಂದ ಬಿಂದುಮಾಧವರ ಮಾತಿಗೆ ಇಲ್ಲ ಎಂದವನು ಅವನೊಬ್ಬನೇ.