ಗುರುಲಿಂಗಮ್ಮನ ಮದ್ದಿನ ಕಲ್ಲು

ಸೋಮವಾರ ಬೆಳಿಗ್ಗೆ ಎಂಟಕ್ಕೆ ರುದ್ರೇಶ ಠಾಣೆಗೆ ಓಡಿ ಬಂದ. ಕಾಲಲ್ಲಿ ಚಪ್ಪಲಿ ಇಲ್ಲ, ಅಂಗಿಯ ಗುಂಡಿ ಹಾಕಿಲ್ಲ. ಹತ್ತಿ ವ್ಯಾಪಾರದ ದೊಡ್ಡ ಮನುಷ್ಯ. ಅವನು ಓಡಿದ್ದನ್ನು ಗೋನೆಗಂಡ್ಲದಲ್ಲಿ ಯಾರೂ ಕಂಡಿರಲಿಲ್ಲ.

"ಅವ್ವನ ಮದ್ದಿನ ಕಲ್ಲು ಕದ್ದಾರ್ರೀ, ಸಾಹೇಬ್ರ!"

ನಾನು ಎ.ಎಸ್.ಐ. ಉರುಕುಂದಪ್ಪ. ಮೂವತ್ತು ವರ್ಷದ ಸರ್ವೀಸಿನಲ್ಲಿ ಎಮ್ಮೆ ಹುಡುಕಿದ್ದೇನೆ, ಪಂಪ್‌ಸೆಟ್ ಹುಡುಕಿದ್ದೇನೆ, ಒಮ್ಮೆ ಮದುವಣಿಗನ ರುಮಾಲನ್ನೂ ಹುಡುಕಿ ಕೊಟ್ಟಿದ್ದೇನೆ. ಕಲ್ಲು ಕದ್ದವನ ಹಿಂದೆ ಮಾತ್ರ ಹೋಗಿರಲಿಲ್ಲ. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಅಂದು ನಗು ಬರಲಿಲ್ಲ. ನನ್ನ ಅಕ್ಕ ಪೀರಮ್ಮ ಆದೋನಿಯ ದವಾಖಾನೆಯಲ್ಲಿ ಮಲಗಿದ್ದಳು. ಹೊಲದಲ್ಲಿ ಮುಳ್ಳು ಚುಚ್ಚಿದ ಎಡಗಾಲು ಕಪ್ಪಿಟ್ಟಿತ್ತು. ಆ ಕಾಲಿಗೆ ಇಪ್ಪತ್ತು ದಿನ ಹಚ್ಚಿದ್ದು ಅದೇ ಕಲ್ಲಿನ ಮೇಲೆ ಅರೆದ ಮದ್ದು.

ಹಿಂದಿನ ಸಂಜೆ ಡಾಕ್ಟರ್ ಶ್ರಾವಣಿ ನನ್ನನ್ನು ಪಕ್ಕಕ್ಕೆ ಕರೆದು, ತೆಲುಗು ಕನ್ನಡ ಬೆರೆಸಿ ಹೇಳಿದ್ದರು. "ಗಾಯಾನಿಕಿ ಏಂ ಪೆಟ್ಟಾರೋ ನಾಕು ತೆಲಿಯಾಲಿ, ಉರುಕುಂದಪ್ಪಗಾರು. ಏನು ಹಚ್ಚಿದಾರೆ ಅಂತ ಗೊತ್ತಾದ್ರೆ ಸರಿಯಾದ ಇಂಜೆಕ್ಷನ್ ಹಾಕ್ತೀನಿ. ಲ್ಯಾಬ್ ರಿಪೋರ್ಟಿಗೆ ಇನ್ನೂ ಎರಡು ದಿನ ಬೇಕು. ಕಾಲು ಅಷ್ಟು ಕಾಯಲ್ಲ."

"ಇಲ್ಲಾಂದ್ರ?"

"ನಾಳೆ ಸಂಜೆವರೆಗೆ ನೋಡ್ತೀನಿ. ಆಮೇಲೆ ಮೊಣಕಾಲಿನವರೆಗೆ ತೆಗೀಬೇಕು."

ಬೆಳಿಗ್ಗೆ ಎದ್ದು ಅದೇ ಮನೆಗೆ ಹೊರಟಿದ್ದೆ. ಅಷ್ಟರಲ್ಲಿ ಆ ಮನೆಯೇ ನನ್ನ ಬಳಿ ಓಡಿ ಬಂದಿತ್ತು.

*

ಗುರುಲಿಂಗಮ್ಮ ರುದ್ರೇಶನ ತಾಯಿ. ಗಾಯದ ಮದ್ದಿಗೆ ದೂರದ ಮದ್ದಿಕೇರದಿಂದಲೂ ಜನ ಬರುತ್ತಿದ್ದರು. ಕಾಸು ಮುಟ್ಟುತ್ತಿರಲಿಲ್ಲ. ಅವರು ಎಲ್ಲರಿಗೂ ಕೂಗಿ ಹೇಳುತ್ತಿದ್ದುದು ಒಂದೇ ಮಾತು: "ಮೂರು ದಿನ ನನ್ನ ಮದ್ದು. ನಾಕನೇ ದಿನಕ್ಕ ಕಡಿಮಿ ಆಗಲಿಲ್ಲಂದ್ರ ದವಾಖಾನಿ!"

ನನಗೆ ಏಳು ವರ್ಷವಿದ್ದಾಗ ಕುಡುಗೋಲು ತಾಗಿ ಮೀನಖಂಡ ಸೀಳಿತ್ತು. ಹನ್ನೆರಡರ ಪೀರಮ್ಮ ನನ್ನನ್ನು ಬೆನ್ನ ಮೇಲೆ ಹೊತ್ತು ಹೊಲದಿಂದ ಆ ಮನೆಯವರೆಗೆ ಅಳುತ್ತಾ ಓಡಿದ್ದಳು. ಆ ಮದ್ದಿನ ವಾಸನೆ ಈಗಲೂ ಮೂಗಿನಲ್ಲಿದೆ. ಹಸಿ ಎಲೆಗೆ ಹುರಿದ ಎಳ್ಳು ಕೂಡಿದಂಥ ವಾಸನೆ. ಗುರುಲಿಂಗಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಹೆತ್ತವ್ವನಿಗಿಂತ ಹೆಚ್ಚಾಗಿ ಆಕೆಯನ್ನು ನೆನೆದು ಅತ್ತಿದ್ದೇನೆ.

ಮದ್ದನ್ನು ಮಗಳಿಗೆ ಹೇಳುವಂತಿಲ್ಲ, ಆಕೆ ಬೇರೆ ಮನೆಗೆ ಹೋಗುವವಳು. ಸೊಸೆಯ ಕಿವಿಯಲ್ಲಿ ಒಂದೇ ಸಲ ಹೇಳಬೇಕು. ಸೊಸೆ ಮಹಾಲಕ್ಷ್ಮಿಗೆ ಹೇಳಿಯೇ ಹೋಗಿದ್ದಾರೆ ಎಂದು ಊರೆಲ್ಲ ನಂಬಿತ್ತು.

ಹಿಂದಿನ ಪಡಸಾಲೆ ಮಣ್ಣಿನ ನೆಲದ್ದು. ಮೂಲೆಯಲ್ಲಿ ಕಲ್ಲು ಇದ್ದ ಜಾಗ ಸ್ವಲ್ಪ ತಗ್ಗಾಗಿತ್ತು. ತಗ್ಗಿನಲ್ಲಿ ಸೆಗಣಿ ಸಾರಿಸಿತ್ತು. ಒಣಗಿ, ಸಣ್ಣಗೆ ಬಿರುಕು ಬಿಟ್ಟಿತ್ತು. ಮೇಲೆ ಮೂರು ಬೆರಳಿನ ವಿಭೂತಿ, ಒಂದು ಕಣಗಿಲೆ ಹೂವು.

"ಕಲ್ಲು ಯಾವಾಗ ನೋಡಿದ್ದಿ, ತಂಗಿ?"

ಮಹಾಲಕ್ಷ್ಮಿ ತಲೆ ಎತ್ತಲಿಲ್ಲ. "ರಾತ್ರಿ ದೀಪ ಹಚ್ಚುವಾಗ ಇತ್ರಿ. ಮುಂಜಾನಿ ಇರಲಿಲ್ರಿ."

"ಕಂಪ್ಲೇಂಟ್ ಕೊಡು ಅಂದಾಕಿ ನೀನೇ ಏನು?"

"ನಾ ಬ್ಯಾಡಂದ್ನಿ," ಎಂದಳು. ರುದ್ರೇಶ ಅವಳನ್ನು ದುರುಗುಟ್ಟಿದ.

ಗೂಡಿನಲ್ಲಿ ಮಿಕ್ಕ ಮದ್ದಿನ ಬಟ್ಟಲಿತ್ತು. ಮುಚ್ಚಳ ತೆಗೆದೆ. ಆ ವಾಸನೆ ಮತ್ತೆ ಸಿಗಲಿ ಎಂಬುದು ನಲವತ್ತೈದು ವರ್ಷದ ಆಸೆ. ಮೂಗಿಗೆ ಹಿಡಿದೆ. ಬೇವು, ಅರಿಸಿನ. ಅದರ ಹಿಂದೆ ಔಷಧಿ ಅಂಗಡಿಯ ಕಹಿ ಕಮಟು. ಅದು ಗುರುಲಿಂಗಮ್ಮನ ಮದ್ದಾಗಿರಲಿಲ್ಲ.

"ಇದರಾಗ ಏನೇನು ಐತಿ? ನಮ್ಮ ಅಕ್ಕನ ಕಾಲು ಹೋಗ್ತೈತಿ, ಹೇಳು."

"ಹೇಳಿದ್ರ ಗುಣ ಹೋಗ್ತೈತ್ರಿ," ಎಂದಳು. ಒಳಗೆ ಹೋಗಲು ತಿರುಗಿದಾಗ ಅವಳ ಜಡೆಯಲ್ಲಿ ಹತ್ತಿಯ ಎಳೆಗಳು ಕಂಡವು.

*

ರುದ್ರೇಶನ ಪ್ರಕಾರ ಕಳ್ಳ ಬಜಾರಪ್ಪ. ಯಾವುದೋ ಗಿಡಮೂಲಿಕೆ ಕಂಪನಿಯ ಏಜೆಂಟ್. ಮದ್ದಿನ ಗುಟ್ಟು ಮಾರಿರಿ ಎಂದು ಮೂರು ಸಲ ಮನೆ ಬಾಗಿಲಿಗೆ ಬಂದಿದ್ದ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕ. ನನ್ನನ್ನು ನೋಡಿ ಮಂಡಕ್ಕಿ ಒಗ್ಗರಣಿ ತಿನ್ನುವುದನ್ನೂ ನಿಲ್ಲಿಸಲಿಲ್ಲ.

"ಸಾರ್, ನನಗ ಎಲಿ ಹೆಸರು ಬೇಕು. ಕಲ್ಲು ತಗೊಂಡು ಏನು ಮಾಡ್ಲಿ, ಚಟ್ನಿ ಅರೀಲ್ಯಾ?"

ಮಾತು ನ್ಯಾಯವಾಗಿತ್ತು. ಗಿಡ ಹಿತ್ತಿಲಲ್ಲಿ ಹಾಗೇ ಇದ್ದವು. ಒಣಬೇರಿನ ಡಬ್ಬಿಗಳೂ ಇದ್ದವು. ಗುಟ್ಟು ಬೇಕಾದವನು ಅವನ್ನು ಬಿಟ್ಟು ಕಲ್ಲು ಹೊರುತ್ತಾನೆಯೇ?

ಉಳಿದವನು ಮೆಡಿಕಲ್ ಶಾಪಿನ ಕೊಟ್ರೇಶ. ಆ ಮದ್ದಿನಿಂದ ತನ್ನ ಅಂಗಡಿಗೆ ಹೊಡೆತ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. "ಗುರುಲಿಂಗಮ್ಮನ ಮನಿ" ಎಂದೆ, ಅಷ್ಟೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನ ಹಣೆಯಲ್ಲಿ ಬೆವರು ಒಡೆಯಿತು.

"ನನ್ನ ತಪ್ಪಿಲ್ರಿ! ಆಕಿ ಕೇಳಿದ್ಳು, ಕೊಟ್ಟೀನಿ."

"ಯಾರು? ಏನು?"

"ಮಹಾಲಕ್ಷ್ಮವ್ವಾರ್ರಿ. ಗಾಯ ಮಾಯೋ ಮಾತ್ರಿ, ಆಂಟಿಬಯೋಟಿಕ್. ಆರು ತಿಂಗಳಿಂದ ಒಯ್ಯಾಕ ಹತ್ಯಾರ."

"ಯಾವ ಮಾತ್ರಿ?"

"ನೆನಪಿಲ್ರಿ. ಡಾಕ್ಟರ್ ಚೀಟಿ ಇಲ್ಲ, ಬಿಲ್ ಇಲ್ಲ. ಅಂಗಡ್ಯಾಗ ಇದ್ದದ್ದು ಕೊಟ್ಟೀನಿ."

ಅವನ ಕೆನ್ನೆಗೆ ಬಾರಿಸಬೇಕು ಎನಿಸಿತು. ಡ್ರಗ್ ಇನ್‌ಸ್ಪೆಕ್ಟರಿಗೆ ಫೋನು ಮಾಡಿದೆ. ಗಂಟೆ ಎರಡಾಗಿತ್ತು.

*

ಗಂಡ ಹೆಂಡತಿ ಇಬ್ಬರನ್ನೂ ಪಡಸಾಲೆಯಲ್ಲಿ ನಿಲ್ಲಿಸಿದೆ. "ಹತ್ತಿ ಕೋಣಿ ಬಾಗಿಲು ತಗೀರಿ."

"ಅಲ್ಲೇನೈತ್ರಿ? ಹತ್ತಿ ಐತಿ," ಎಂದ ರುದ್ರೇಶ.

"ತಗಿಯಪ್ಪಾ." ಅವನು ಬಾಗಿಲು ತೆಗೆದ. "ಆ ಮೂಲ್ಯಾಗಿನ ಕೆದರಿದ ರಾಶ್ಯಾಗ ಕೈ ಹಾಕು."

ಮೊಣಕೈವರೆಗೆ ಕೈ ತೂರಿಸಿದ. ಮುಖ ಬಿಳಿಚಿತು. ಹೊರಗೆಳೆದದ್ದು ಹಸಿರು ಸೀರೆಯ ಗಂಟು. ಅದು ಗುರುಲಿಂಗಮ್ಮನ ಸೀರೆ. ಒಳಗೆ ಕಲ್ಲು, ಅರೆಯುವ ಗುಂಡು. ಅದರ ಜೊತೆಗೆ ಖಾಲಿ ಮಾತ್ರೆ ಹಾಳೆಗಳ ಒಂದು ಚೀಲ.

ಚೀಲ ಕಿತ್ತುಕೊಂಡೆ. ಮೊದಲು ಡಾಕ್ಟರಿಗೆ ಫೋನು. ಹೆಸರುಗಳನ್ನು ಒಂದೊಂದೇ ಅಕ್ಷರ ಓದಿ ಹೇಳಿದೆ.

"ಸರೇ, ಅರ್ಥಮಯಿಂದಿ," ಎಂದರು ಶ್ರಾವಣಿ. "ಇಷ್ಟಿಷ್ಟೇ ಹಚ್ಚಿದ್ರೆ ರೋಗದ ಕ್ರಿಮಿ ಸಾಯಲ್ಲ, ಮಾತ್ರೆಗೇ ಬಗ್ಗದ ಹಾಗೆ ಗಟ್ಟಿಯಾಗುತ್ತೆ. ಇವೆಲ್ಲ ಬಿಟ್ಟು ಬೇರೆದು ಈಗಲೇ ಶುರು ಮಾಡ್ತೀನಿ."

ರುದ್ರೇಶ ಗೋಡೆಗೆ ಒರಗಿದ್ದ. "ನಿಮಗ ಹೆಂಗ ಗೊತ್ತಾತ್ರಿ?"

"ರಾತ್ರಿ ಇದ್ದ ಕಲ್ಲಿನ ಕೆಳಗ ಸೆಗಣಿ ಸಾರಿಸಾಕ ಬರ್ತೈತೇನಪ್ಪಾ? ಅದು ಒಣಗಿ ಬಿರುಕು ಬಿಟ್ಟಿತ್ತು. ಅಂದ್ರ ಕಲ್ಲು ನಿನ್ನೆ ಹಗಲೇ ಎದ್ದೈತಿ. ಕಳ್ಳ ಬಂದಿದ್ರ ವಿಭೂತಿ ಹಚ್ಚಿ ಹೂವು ಇಟ್ಟು ಹೋಗ್ತಿದ್ನೇನು? ಸೋಮವಾರದ ದಿನ ಅತ್ತಿ ಜಾಗ ಬೋಳು ಬಿಡಾಕ ಮನಸ್ಸು ಬರದಾಕಿ ಈ ಮನ್ಯಾಗ ಒಬ್ಬಾಕೀನೇ. ನಿಮ್ಮ ಮನಿ ಹೆಣ್ಮಕ್ಕಳು ಹತ್ತಿ ಕೋಣಿಗೆ ಕಾಲಿಡಾಂಗಿಲ್ಲ, ಆದ್ರ ಆಕಿ ಜಡ್ಯಾಗ ಹತ್ತಿ ಇತ್ತು. ಮದ್ದಿನ ವಾಸನಿ ಬ್ಯಾರೆ ಇತ್ತು. ಕೊಟ್ರೇಶ ಮಾತ್ರಿ ಕಥಿ ಹೇಳಿದ. ಎಲ್ಲಾಕಿಂತ ಮ್ಯಾಲೆ, ಗುರುಲಿಂಗಮ್ಮ ಇದ್ದಿದ್ರ ನಮ್ಮ ಅಕ್ಕನ್ನ ನಾಕನೇ ದಿನಕ್ಕ ದವಾಖಾನಿಗೆ ಕಳಿಸ್ತಿದ್ಳು. ಈಕಿ ಇಪ್ಪತ್ತು ದಿನ ಇಟ್ಕೊಂಡ್ಳು. ಯಾಕ ತಂಗಿ?"

ಮಹಾಲಕ್ಷ್ಮಿ ಕಲ್ಲಿನ ಮೇಲೆ ಕೈಯಿಟ್ಟು ಕುಳಿತಳು.

"ನನಗ ಮದ್ದು ಗೊತ್ತಿಲ್ರೀ ಅಣ್ಣಾ! ಅತ್ತಿ ಅರಿಯುವಾಗ ನೋಡಬಾರ್ದು ಅಂತ ಹನ್ನೊಂದು ವರ್ಷ ಬೆನ್ನು ತಿರುವಿ ಕುಂತೀನಿ. ಕೇಳಿದಾಗೆಲ್ಲ ಇವತ್ತಲ್ಲ, ನಾಳಿ ಅಂತಿದ್ರು. ಮಲಗಿದಾಕಿ ಏಳಲಿಲ್ಲ. ಮೂರನೇ ದಿನಕ್ಕೇ ಜನ ಬಂದು ಬಾಗಿಲಾಗ ಕುಂತ್ರು. ಅತ್ತಿ ನಿನ್ನ ಕೈಯಾಗ ಕೊಟ್ಟಾಳ, ಹಚ್ಚವ್ವಾ ಅಂದ್ರು. ಅತ್ತಿ ನನ್ನ ನಂಬಿ ಗುಟ್ಟು ಹೇಳಲಿಲ್ಲ ಅಂತ ನಾ ಹೆಂಗ ಹೇಳ್ಲಿ? ದವಾಖಾನಿಗೆ ಕಳಿಸಿದ್ರ ನನ್ನ ಕೈ ಸರಿ ಇಲ್ಲ ಅಂತಿದ್ರು. ಪೀರಕ್ಕನ ಕಾಲು ಕಪ್ಪಾಗಿದ್ದು ನೋಡಿ ಹೆದರಿದ್ನಿ. ಕಲ್ಲು ಇಲ್ಲಾಂದ್ರ ಮದ್ದು ನಿಲ್ತೈತಿ, ಅತ್ತಿ ಹೆಸರೂ ಉಳೀತೈತಿ ಅಂತ..."

"ಏನೂ ಗೊತ್ತಿಲ್ಲೇನು? ಒಂದು ಎಲಿನೂ?"

"ಹಿತ್ತಲಾಗಿನ ಯಾವ ಎಲಿ ಅಂತ ಗೊತ್ತಿಲ್ರಿ. ಅರಿಯೋ ಸಪ್ಪಳ ಗೊತ್ತೈತ್ರಿ. ಅದೊಂದೇ."

ಬೈಯಬೇಕೆಂದು ಬಾಯಿ ತೆರೆದೆ. ಆದರೆ ಆಕೆಗೆ ಸಪ್ಪಳ, ನನಗೆ ವಾಸನೆ. ಇಬ್ಬರೂ ಒಂದೇ ಹೆಂಗಸನ್ನು ಕಳೆದುಕೊಂಡಿದ್ದೆವು. ಜೀಪು ಹತ್ತು ಎಂದೆ. ನೀನೇ ಬಂದು ಅಕ್ಕನಿಗೆ ಹೇಳು ಎಂದೆ.

*

ಅಕ್ಕನ ಕಾಲು ಉಳಿಯಿತು. ಎರಡು ಬೆರಳು ಹೋದವು. ಮಹಾಲಕ್ಷ್ಮಿ ಹದಿನೆಂಟು ದಿನ ದವಾಖಾನೆಗೆ ಬುತ್ತಿ ತಂದಳು. "ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರ ಆಗ್ತಿತ್ತಲ್ಲೇ, ತಂಗಿ," ಎಂದಳು ಅಕ್ಕ. ಕೇಸು ಬೇಡ ಎಂದೂ ಅವಳೇ ಹಟ ಹಿಡಿದಳು. ಈಗ ಗಾಯದವರು ಬಾಗಿಲಿಗೆ ಬಂದರೆ ಮಹಾಲಕ್ಷ್ಮಿ ಮೊದಲ ದಿನವೇ ಆದೋನಿಯ ಬಸ್ಸು ಹತ್ತಿಸುತ್ತಾಳೆ.

ಡಾಕ್ಟರ್ ಶ್ರಾವಣಿ ಕಲ್ಲನ್ನು ಕೆರೆದ ಪುಡಿ ಕೇಳಿದ್ದರು. "ನಮ್ಮ ಮಾತ್ರೆಗಳು ಒಂದೊಂದಾಗಿ ಸೋಲ್ತಿವೆ. ಇಂಥ ಎಲೆಗಳಲ್ಲಿ ಏನಾದ್ರೂ ಸಿಗುತ್ತಾ ಅಂತ ದೊಡ್ಡ ದೊಡ್ಡವರೇ ಹುಡುಕ್ತಿದಾರೆ. ಆ ಅಜ್ಜಿ ಯಾರಿಗಾದ್ರೂ ಹೇಳಿ ಹೋಗಿದ್ರೆ!" ಪುಡಿ ಕಳಿಸಿದೆ. ಇಷ್ಟರಲ್ಲಿ ಏನೂ ತಿಳಿಯುವುದಿಲ್ಲ ಎಂದು ಉತ್ತರ ಬಂತು.

ಅಕ್ಕ ಕೋಲು ಊರಿಕೊಂಡು ಊರಿಗೆ ಬಂದ ದಿನ ನೇರ ಆ ಪಡಸಾಲೆಗೆ ಹೋದೆವು. ಆರು ತಿಂಗಳು ತಾನು ಕಲ್ಲು ಮಗುಚಿ ಅರೆದೆ, ಅತ್ತೆಯ ಮಗ್ಗುಲು ಮುಟ್ಟಿಲ್ಲ ಎಂದಳು ಮಹಾಲಕ್ಷ್ಮಿ. ಆ ಮಗ್ಗುಲ ಮೇಲೆ ಒಂದು ಬೊಗಸೆ ನೀರು ಚಿಮುಕಿಸಿ, ಬರಿಗುಂಡನ್ನು ಹಿಂದೆ ಮುಂದೆ ಆಡಿಸಿದಳು. ಅದೇ ಸಪ್ಪಳ ಎಂದಳು. ಆಗ ಒದ್ದೆ ಕಲ್ಲಿನಿಂದ ಮೆಲ್ಲಗೆ ವಾಸನೆ ಎದ್ದಿತು. ಹಸಿ ಎಲೆ, ಹುರಿದ ಎಳ್ಳು. ಅಕ್ಕ ನನ್ನ ತೋಳು ಹಿಡಿದಳು. ನಾನು ಯೂನಿಫಾರಂ ಮೇಲೇ ಮಂಡಿಯೂರಿ, ಕಲ್ಲಿಗೆ ಮೂಗು ಹಚ್ಚಿ, ಏಳು ವರ್ಷದ ಪೋರನ ಹಾಗೆ ಅತ್ತೆ.

ಆಮೇಲೆ ಎರಡು ಸೋಮವಾರ ಹಾಗೇ ಹೋದೆವು. ಪ್ರತಿ ಸಲ ನೀರು ಬಿದ್ದಾಗ ವಾಸನೆ ಒಂದಿಷ್ಟು ಕಡಿಮೆ. ಅದಕ್ಕೇ ಮಹಾಲಕ್ಷ್ಮಿಗೆ ಹೇಳಿದ್ದೇನೆ, ಇನ್ನು ಕಲ್ಲಿಗೆ ನೀರು ಹಾಕಬೇಡ ತಂಗಿ ಅಂತ.