ಎರಡನೇ ಕಪ್

ನಂಬಿ ಎಂದು ನಾನು ಯಾರನ್ನೂ ಒತ್ತಾಯಿಸುವುದಿಲ್ಲ. ಹುಮನಾಬಾದಿನ ನಮ್ಮ ಮನೆಯಲ್ಲಿ, ಹಾಡಹಗಲೇ ನಡೆದದ್ದು.

ನನ್ನ ಹೆಂಡತಿ ಶೀತಲ ತೀರಿಕೊಂಡು ಹತ್ತು ದಿನವಾಗಿತ್ತು. ಸೂತಕ ಕಳೆಯಲು ಅವ್ವ ಪಾತ್ರೆಗಳನ್ನೆಲ್ಲ ತಿಕ್ಕುತ್ತಿದ್ದಳು. "ಅಕಿ ಕಾಫಿ ಮಷೀನೂ ತೊಳಿಯಪ್ಪಾ, ಅದೂ ಭಾಂಡೇನೇ ಅದ," ಎಂದಳು.

ಅದು ಕಾಫಿಪುಡಿ ತುಂಬಿದ ಪುಟ್ಟ ಡಬ್ಬಿಯಂಥ ಕ್ಯಾಪ್ಸೂಲ್ ಹಾಕುವ ಮಷೀನು. ಕ್ಯಾಪ್ಸೂಲ್ ಹೈದರಾಬಾದಿನಿಂದ ತರಿಸಬೇಕು. ಹಾಗಾಗಿ ಶೀತಲ ಒಂದರಲ್ಲೇ ಇಬ್ಬರಿಗೂ ಮಾಡುತ್ತಿದ್ದಳು. ಅರ್ಧ ಇಳಿದೊಡನೆ ಗುಂಡಿ ಒತ್ತಿ ನಿಲ್ಲಿಸಿ, ಕಪ್ ಬದಲಿಸುತ್ತಿದ್ದಳು. ಮೊದಲು ಇಳಿದ ಗಟ್ಟಿ ಕಾಫಿ ನನಗೆ. "ನಂಗ ತೆಳ್ಳಗಿದ್ದದ್ದೇ ಸೇರ್ತದ್ರಿ," ಎಂದು ನೀರಿನಂಥದ್ದನ್ನು ತಾನು ಕುಡಿಯುತ್ತಿದ್ದಳು.

ಬೋರಿನ ನೀರಿಗೆ ಮಷೀನಿನೊಳಗೆಲ್ಲ ಬಿಳಿ ಪದರು ಕಟ್ಟಿತ್ತು. ನಿಂಬೆ ಉಪ್ಪು ಕರಗಿಸಿ ಟ್ಯಾಂಕಿಗೆ ಸುರಿದು, ಬೋಗುಣಿಗೆ ಹರಿಸಿದೆ. ಸುಣ್ಣದಂಥ ಕಸ ಬಂತು. ನೀರು ತಿಳಿಯಾಗುವವರೆಗೆ ನಾಲ್ಕು ಸಲ ತೊಳೆದೆ. ಕೊನೆಗೊಮ್ಮೆ ನನ್ನ ಕಪ್ ಇಟ್ಟು ಗುಂಡಿ ಒತ್ತಿದೆ.

ಅರ್ಧ ಕಪ್ಪಿಗೆ ತಾನೇ ನಿಂತಿತು.

ಮತ್ತೆ ಒತ್ತಿದೆ. ಪ್ಲಗ್ ಕಿತ್ತು ಮತ್ತೆ ಸಿಕ್ಕಿಸಿದೆ. ಒಂದು ಹನಿಯೂ ಬೀಳಲಿಲ್ಲ, ಮಷೀನಿನ ದೀಪ ಮಾತ್ರ ಮಿನುಗುತ್ತಿತ್ತು. ಹಟಕ್ಕೆ ಬಿದ್ದು ಕಪ್ ತೆಗೆಯದೆ ಕೂತೆ. ಹೊಸ್ತಿಲ ಮೇಲಿದ್ದ ಬಿಸಿಲು ಅಂಗಳಕ್ಕೆ ಸರಿಯಿತು. ಕಪ್ಪಿನ ನೀರು ಹಬೆಯಾಡುತ್ತಲೇ ಇತ್ತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಕಿ ಕಪ್ ಇಡೋ ಅಂಬಾದಾಸ. ಎಷ್ಟೊತ್ತು ಕಾಯಸ್ತಿ?"

ಇಟ್ಟೆ. ಗುಂಡಿ ಮುಟ್ಟುವ ಮೊದಲೇ ಉಳಿದರ್ಧ ಇಳಿಯಿತು.

ಒಳಗೆ ಕ್ಯಾಪ್ಸೂಲ್ ಇರಲಿಲ್ಲ. ಎರಡನ್ನೂ ಕುಡಿದು ನೋಡಿದೆ. ಅವಳ ಕಪ್ಪಿನಲ್ಲಿದ್ದದ್ದು ಬರೀ ನೀರು. ನನ್ನ ಕಪ್ಪಿನದು ಕಾಫಿಯಷ್ಟೇ ಕಹಿಯಾಗಿತ್ತು.